ಕಣ್ಣು ತೆರೆದೇ ನಿದ್ದೆ ಹೋಗುತ್ತಿದ್ದ ಅಕ್ಕನಿಗೆ

ನನ್ನ ಗೌರಕ್ಕನಿಗೆ,

ತಮ್ಮ ಮುನಿರಾಜ ಮಾಡುವ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವ ಸಾಲನ್ನು ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದರು. ಹೋದವರಿಗೆ ಅದನ್ನು ಹೇಗೆ ಬರೆಯಬೇಕು ಎಂದು ಮಾತ್ರ ಕಲಿಸಲಿಲ್ಲ. ನಾನು ಏಳನೇ ಕ್ಲಾಸಿಗೇ ಬಿಟ್ಟೆನಲ್ಲ, ಆ ಪಾಠ ಎಂಟನೆಯದರಲ್ಲಿ ಇತ್ತೋ ಏನೋ. ಆದರೂ ಇಡೀ ಹೆಬ್ಬಗೋಡಿಯಲ್ಲಿ ನನ್ನಷ್ಟು ದುಂಡಗೆ ಅಕ್ಷರ ಬರೆಯುವ ಮೋಟಾರ್ ರಿಪೇರಿಯವನು ಇನ್ನೊಬ್ಬನಿಲ್ಲ. ಇದು ನಿನಗೂ ಗೊತ್ತು. ಗೊತ್ತಿಲ್ಲದಿದ್ದರೆ ಈಗ ನೋಡಿಕೋ.

ಮೊನ್ನೆ ಪಿತೃಪಕ್ಷದಲ್ಲಿ ನಿನಗೆ ಮೊದಲನೇ ವರ್ಷದ ಎಡೆ ಇಟ್ಟೆವು. ಆ ದಿನ ನನಗೊಂದು ಸುದ್ದಿ ಸಿಕ್ಕಿತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನೀನು ಹೇಳಿಕೊಂಡೆಯಲ್ಲ, ಮಗಳ ಒಂದು ಆಟವನ್ನೂ ನೋಡಲಿಲ್ಲ, ಅವಳಿಗೆ ಮೋಸ ಮಾಡಿಬಿಟ್ಟೆ ಎಂದು? ಆ ಭಾರ ಹೊತ್ತುಕೊಂಡೇ ಹೋದೆಯಲ್ಲ? ಸುದ್ದಿ ಅದರದ್ದೇ. ನಿನಗೆ ಕೊಟ್ಟ ಆಣೆಯನ್ನು ಅವತ್ತೇ ಮುರಿದೆ ಎನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ನೀನು ಅರ್ಧ ಕೇಳಿ ಬೈಯಲು ಶುರು ಮಾಡುತ್ತೀಯ. ಅದಕ್ಕೆ ಮೊದಲಿಂದ ಬರುತ್ತೇನೆ.

ಆನೇಕಲ್ ಕಡೆಯ ನಮ್ಮ ತವರಿನ ನಡುಮನೆ ನೆನಪಿದೆಯಾ? ಗೋಡೆಯಿಂದ ಗೋಡೆಗೆ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ರೇಷ್ಮೆ ಹುಳ. ಮನೆ ಅವುಗಳದ್ದು, ಮನುಷ್ಯರಾದ ನಾವು ಮೂಲೆಯಲ್ಲಿ ಜಾಗ ಸಿಕ್ಕಷ್ಟಕ್ಕೆ ಮುದುಡಿಕೊಳ್ಳುತ್ತಿದ್ದೆವು. ಕೊನೆಯ ಸಲ ಪೊರೆ ಬಿಟ್ಟೆದ್ದ ಹುಳ ಸೊಪ್ಪು ತಿನ್ನುವ ಸದ್ದು ಹೇಗಿರುತ್ತಿತ್ತು... ಪಕ್ಕದ ಕೋಣೆಯಲ್ಲಿ ಯಾರೋ ಹೊಸ ಸೀರೆಯೊಂದನ್ನು ಮಡಿಕೆ ಮಡಿಕೆಯಾಗಿ ಬಿಚ್ಚುತ್ತಿದ್ದಾರೆ, ಆ ಸೀರೆ ಮುಗಿಯುವುದೇ ಇಲ್ಲ, ಹಾಗೆ. ಆ ಹುಳಗಳ ಮೇಲೆ ಊಜಿ ನೊಣ ಕೂರದಂತೆ ಕಾಯುವುದು ನಿನ್ನ ಕೆಲಸ. ನೊಣ ಕೂತು ಮೊಟ್ಟೆಯಿಟ್ಟರೆ ಆ ಹುಳ ಸತ್ತಂತೆಯೇ. ನಿನ್ನ ಕೈಯಲ್ಲಿ ಅಪ್ಪನ ಹಳೇ ಪಂಚೆಯ ತುಂಡು. ಬಲಕ್ಕೊಂದು ಬೀಸು, ಎಡಕ್ಕೊಂದು ಬೀಸು. ಕಣ್ಣು ಮುಚ್ಚಿದರೆ ಅಮ್ಮ ಹಿಂದಿನಿಂದ ಬಂದು ತಲೆಗೆ ಮೊಟಕುತ್ತಿದ್ದಳು. ಮೂರು ನಾಲ್ಕು ಬೆಳೆ ಹೀಗೆ ಕಾದ ಮೇಲೆ ನಿನಗೊಂದು ವಿದ್ಯೆ ಬಂತು. ಕಣ್ಣು ತೆರೆದಿರುತ್ತದೆ, ಕೈ ಬೀಸುತ್ತಿರುತ್ತದೆ, ಒಳಗೆ ನೀನು ಇರುವುದಿಲ್ಲ.

ಅದನ್ನು ಕಂಡುಹಿಡಿದವನು ನಾನೇ. ನಿನ್ನ ಮುಖದ ಮುಂದೆ ಬೆಲ್ಲದ ಅಚ್ಚು ಹಿಡಿದೆ, ನೀನು ನೋಡಲಿಲ್ಲ. ಹಾಗಾಗಿ ನಾನೇ ತಿಂದೆ. ಆಮೇಲೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ನೀನು ನಕ್ಕು, "ಸೊಪ್ಪಿನ ತೋಟದ ಮ್ಯಾಲೆ ತೇಲ್ಕಂಡು ಹೋಗ್ತಿದ್ದೆ ಕಣೋ. ಕಾಲಿಗೆ ಎಲೆ ತಾಕ್ತಿದ್ವು" ಅಂದೆ. ಎಷ್ಟೋ ದಿನ ನಾನೂ ಕಣ್ಣು ಬಿಟ್ಟುಕೊಂಡು ತೇಲಲು ನೋಡಿದೆ. ನನಗೆ ಬರೀ ಕಣ್ಣಲ್ಲಿ ನೀರು ಬಂತು.

ನೀನು ಹೆಬ್ಬಗೋಡಿಗೆ ಸೊಸೆಯಾಗಿ ಬಂದ ಕೆಲವೇ ವರ್ಷಕ್ಕೆ ಭಾವನ ರಾಗಿ ಹೊಲದ ಮೇಲೆ ಎಂಟು ಬಾಡಿಗೆ ಮನೆ ಎದ್ದವು. ನಾನೂ ಹಿಂದೆಯೇ ಬಂದು ಅದೇ ಬೀದಿಯಲ್ಲಿ ಮೋಟಾರ್ ಅಂಗಡಿ ಹಾಕಿದೆ. ಹೊರಗಿನವರು ನಿನ್ನನ್ನು ಮನೆ ಓನರು ಎನ್ನುತ್ತಿದ್ದರು. ಓನರಿನ ಕೆಲಸವೇನು? ನೆಲದಡಿಯ ಸಂಪ್‌ಗೆ ನೀರು ಬಿಡುವುದು, ಮೋಟಾರ್ ಹಾಕುವುದು, ಮೆಟ್ಟಿಲು ಗುಡಿಸುವುದು, ಮತ್ತೆ ಮೋಟಾರ್ ಹಾಕುವುದು. ಒಂದನೇ ಮನೆಯಿಂದ ಅಕ್ಕಾ ನೀರು, ನಾಲ್ಕನೇ ಮನೆಯಿಂದ ಅಕ್ಕಾ ತಣ್ಣಿ, ಏಳನೇ ಮನೆಯಿಂದ ಅಕ್ಕಾ ಪಾನಿ. ಭಾವನದ್ದು ಪಾಳಿ ಕೆಲಸ, ಹಗಲಲ್ಲಿ ಮಲಗಿದರೆ ಮನೆಯೆಲ್ಲ ಪಿಸುಗುಟ್ಟಬೇಕು. ಅವರ ನಿದ್ದೆಗೆ ಫ್ಯಾಕ್ಟರಿಯ ಅಪ್ಪಣೆಯಿತ್ತು. ನಿನ್ನ ನಿದ್ದೆಗೆ? ಹಗಲು ಹೊತ್ತು ಸೊಸೆ ಗೋಡೆಗೆ ಒರಗಿದರೂ ನಿನ್ನ ಅತ್ತೆಯ ಕೆಮ್ಮು ಶುರುವಾಗುತ್ತಿತ್ತು. ಆ ಮುದುಕಿಗೆ ಆ ಕೆಮ್ಮು ಬಿಟ್ಟರೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ ಎಂದು ನಾನು ಅವರ ಮುಂದೆಯೇ ಹೇಳಿದ್ದೆ. ಸರಿ, ಮುಂದೆ ಅಲ್ಲ, ಅವರು ಒಳಗೆ ಹೋದ ಮೇಲೆ.

ನಿನ್ನ ಮಗಳು ಪವಿತ್ರ ಮೊದಲನೇ ಆಟ ಕಟ್ಟಿದ ಭಾನುವಾರ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳಿಗೆ ಆರು ವರ್ಷ. ಕೆಳಗೆ ಭಾವ ಮಲಗಿದ್ದರಿಂದ ಆಟ ಮಹಡಿ ಮೇಲೆ. ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ ನಿನ್ನನ್ನು ಕೂರಿಸಿದಳು. ನಾನು ಮುಖ್ಯ ಅತಿಥಿ, ನನಗೆ ಮುರುಕಲು ಸ್ಟೂಲು. ಆಟದ ಹೆಸರು ರಾಣಿಯೂ ಮೊಸಳೆಯೂ. ರಾಣಿ ಅವಳೇ, ಮೊಸಳೆ ಅವಳೇ, ಮೊಸಳೆಯ ತಾಯಿಯೂ ಅವಳೇ. ಪಾತ್ರ ಬದಲಾದಾಗಲೆಲ್ಲ ಒಣಗಲು ಹಾಕಿದ ಬೆಡ್‌ಶೀಟಿನ ಹಿಂದೆ ಹೋಗಿ ನಿನ್ನ ವೇಲ್ ಬೇರೆ ಥರ ಸುತ್ತಿಕೊಂಡು ಬರುತ್ತಿದ್ದಳು. ಅಷ್ಟು ಹೊತ್ತೂ ನಾವು ಕಣ್ಣು ಮುಚ್ಚಿಕೊಂಡಿರಬೇಕು, ಇಣುಕಿದರೆ ಮೊದಲಿಂದ ಶುರು. ತಾನೇ ತಪ್ಪಿದರೂ ಮೊದಲಿಂದ ಶುರು. ರಾಣಿ ಒಂದು ಸಲ ನದಿಗೆ ಇಳಿಯುವಷ್ಟರಲ್ಲಿ ನಾನು ಊರಿನ ನಾಟಕದಲ್ಲಿ ರಾಜನ ಪಾರ್ಟು ಮಾಡಿದಂಥ ಒಂದಿಡೀ ರಾತ್ರಿಯೇ ಮುಗಿದು ಹೋಗುತ್ತಿತ್ತು. ನನ್ನ ಆ ಪಾರ್ಟಿಗೆ ಚಪ್ಪಾಳೆ ಹೊಡೆದವರು ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಿಸುತ್ತೇನೆ.

ಆಮೇಲೆ ಒಂದು ಭಾನುವಾರ ನೀನು ಬಟ್ಟೆ ಹಿಂಡುತ್ತಾ, ಬಕೀಟನ್ನೇ ನೋಡುತ್ತಾ, ಹೇಳಿದೆ. "ಮುನಿಯ, ಒಂದು ಮಾತು. ಯಾರ್ಗೂ ಹೇಳ್ಬೇಡ. ನನ್ ಮಗಳು ಕುಣಿಯೋದು ನೋಡಕ್ಕೆ ನಂಗಾಗಲ್ಲ ಕಣೋ. ಬೇಜಾರಾಗ್ತೈತೆ. ನಾನು ಎಂಥ ತಾಯಿ?" ನಾನು ಏನು ಹೇಳಿದೆ? ನಗುತ್ತಾ, ನಿನಗೆ ಹುಳ ಕಾಯುವ ವಿದ್ಯೆ ಇದೆಯಲ್ಲ ಅಕ್ಕ, ಅದು ಎಲ್ಲಿ ಹೋಯಿತು ಎಂದೆ. ನೀನು ಒದ್ದೆ ಟವೆಲಿನಿಂದ ನನಗೆ ಹೊಡೆದೆ. ಮುಂದಿನ ಭಾನುವಾರ ಟ್ಯಾಂಕಿಗೆ ಒರಗಿ ಕೂತೆ, ರಾಣಿ ನದಿಗೆ ಇಳಿದಳು, ನಿನ್ನ ಕಣ್ಣು ಹಾಗೇ ನಿಂತವು. ಸ್ವಲ್ಪ ಹೊತ್ತಿಗೆ ಮಡಿಲಲ್ಲಿದ್ದ ಬಲಗೈ ಎದ್ದಿತು. ಬಲಕ್ಕೊಂದು ಬೀಸು, ಎಡಕ್ಕೊಂದು ಬೀಸು. ನಾನು ಸ್ಟೂಲಿನ ಮೇಲೆ ಕೂತು ಬಾಯಿಗೆ ಬಟ್ಟೆ ಇಟ್ಟುಕೊಂಡೆ. ಇಪ್ಪತ್ತು ವರ್ಷದ ಹಿಂದಿನ ನೊಣಗಳು ಹೆಬ್ಬಗೋಡಿಯ ಮಹಡಿಗೆ ಬಂದುಬಿಟ್ಟಿದ್ದವು.

ಮಗು ಅದನ್ನು ಏನೆಂದುಕೊಂಡಳು ಹೇಳು? ತಾಳ ಎಂದುಕೊಂಡಳು. ಅಮ್ಮ ತಾಳ ಹಾಕುತ್ತಿದ್ದಾಳೆ ಎಂದು ಕೈಯನ್ನೇ ನೋಡಿಕೊಂಡು ಹೆಜ್ಜೆ ಹಾಕಿದಳು. ನಿದ್ದೆ ಗಟ್ಟಿಯಾದಂತೆ ಕೈ ನಿಧಾನ, ಕೈ ನಿಧಾನವಾದಂತೆ ಕುಣಿತ ನಿಧಾನ. ಶಾಲೆಯ ವಾರ್ಷಿಕೋತ್ಸವದಲ್ಲಿ ಅಮ್ಮ ಮುಂದಿನ ಸಾಲಲ್ಲಿ ಇಲ್ಲದಿದ್ದರೆ ಕುಣಿಯುವುದೇ ಇಲ್ಲ ಎಂದು ಹಟ ಹಿಡಿದಳಲ್ಲ. ನಿನ್ನ ಕೈ ಅಲ್ಲಿಯೂ ಎದ್ದಿತು. ಉಳಿದ ಹನ್ನೊಂದು ಮಕ್ಕಳು ಹಾಡಿಗೆ ಕುಣಿದರು, ನಿನ್ನ ಮಗಳೊಬ್ಬಳು ನಿನ್ನ ನೊಣಕ್ಕೆ ಕುಣಿದಳು. ಕೊನೆಗೆ ಹೆಡ್ ಮೇಡಂ ಮೈಕಿನಲ್ಲಿ, ತಾಯಿಯೆಂದರೆ ಹೀಗಿರಬೇಕು, ಕಣ್ಣು ಮಿಟುಕಿಸದೆ ಮಗಳನ್ನು ನೋಡುತ್ತಾ ತಾಳ ಹಾಕುತ್ತಿದ್ದರು ಎಂದು ಹೊಗಳಿದರು. ಆ ಚಪ್ಪಾಳೆಗೆ ನಿನಗೆ ಎಚ್ಚರವಾಯಿತು. ನಾನು ಸುಮ್ಮನಿರಬಾರದೇ? ಪಕ್ಕದವರಿಗೆ, ನಮ್ಮಕ್ಕ ಸಂಗೀತ ಕಲಿತಿದ್ದಾಳೆ, ನಮ್ಮದು ಕಲಾವಿದರ ಮನೆತನ ಎಂದುಬಿಟ್ಟೆ.

ಈಗ ನನ್ನ ಕಳ್ಳತನ. ನೀನು ಕಣ್ಣು ತೆರೆದು ಹೊರಟುಹೋದ ಎರಡೇ ನಿಮಿಷಕ್ಕೆ ನಾನು ಸ್ಟೂಲಿನಿಂದ ಎದ್ದು ಟ್ಯಾಂಕಿನ ಹಿಂದೆ ಹೋಗುತ್ತಿದ್ದೆ. ಪವಿ ನಿನ್ನ ಕೈಯನ್ನೇ ನೋಡುತ್ತಿರುತ್ತಾಳೆ, ನನ್ನನ್ನು ಯಾರು ನೋಡುತ್ತಾರೆ? ಅಲ್ಲಿ ಒಂದು ಬೀಡಿ, ಟ್ಯಾಂಕಿನ ತಣ್ಣನೆ ಗೋಡೆಗೆ ಬೆನ್ನು. ಒಳಗೆ ನೀರು ಗುಳು ಗುಳು ಎನ್ನುತ್ತಿತ್ತು. ಬೇಸಿಗೆಯ ಗಾಳಿಯಲ್ಲಿ ಬೆಡ್‌ಶೀಟು ಉಬ್ಬುವುದು, ಇಳಿಯುವುದು. ಅದರಾಚೆ ಒಂದು ಸಣ್ಣ ದನಿ ರಾಣಿಯಾಗಿ, ಮೊಸಳೆಯಾಗಿ ಮಾತಾಡುವುದು. ಪದ ಒಂದೂ ಕೇಳಿಸುತ್ತಿರಲಿಲ್ಲ. ಅಂಥ ಮಧ್ಯಾಹ್ನ ಮತ್ತೆ ಸಿಕ್ಕಿಲ್ಲ ಅಕ್ಕ. ಆಟ ಮುಗಿದು ಚಪ್ಪಾಳೆ ಎಂದು ಅವಳು ಕೂಗಿದಾಗ ಮುಂದೆ ಬಂದು ಅತಿಥಿ ಭಾಷಣ ಮಾಡುತ್ತಿದ್ದೆ. ನೋಡದೆ ಭಾಷಣ ಮಾಡುವುದರಲ್ಲಿ ನನ್ನನ್ನು ಮೀರಿಸಿದ ಮುಖ್ಯ ಅತಿಥಿ ಈ ತಾಲ್ಲೂಕಿನಲ್ಲಿ ಇದ್ದರೆ ತೋರಿಸು.

ಪವಿ ಮೂರನೇ ಕ್ಲಾಸು ದಾಟಿದ ಮೇಲೆ ಆಟ ಇನ್ನೂ ಕೆಟ್ಟಿತು, ನೆನಪಿದೆಯಾ? ನಾವಿಬ್ಬರೂ ಅದನ್ನೇ ಮಾತಾಡಿಕೊಳ್ಳುತ್ತಿದ್ದೆವು. ಬೆಳೆದಂತೆ ಚುರುಕಾಗಬೇಕಲ್ಲವೇ? ಇವಳು ಗೆಜ್ಜೆ ಕಟ್ಟುವುದನ್ನೇ ಬಿಟ್ಟಳು. ಮೊಸಳೆ ಹೋಗಿ ಮೀನು ಬಂತು. ಮೀನು ಕೈ ಜೋಡಿಸಿಕೊಂಡು ಸುಮ್ಮನೆ ಸುತ್ತುತ್ತಿತ್ತು, ಸುತ್ತುತ್ತಲೇ ಇರುತ್ತಿತ್ತು. ಹಾಡುಗಳೆಲ್ಲ ಜೋಗುಳದ ಥರ. ಅರ್ಧ ಗಂಟೆಯದು ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಅದರ ಮೇಲೆ ಹೊಸ ಕಾನೂನು ಬೇರೆ. ಆಟ ನಡೆಯುವಾಗ ಮಹಡಿ ಬಾಗಿಲಿಗೆ ಒಳಗಿನಿಂದ ಚಿಲಕ. ಏಳನೇ ಮನೆಯವರು ನೀರಿಗೆ ಬಂದು ಬಾಗಿಲು ಬಡಿದರೆ, ಒಳಗೆ ಶೋ ನಡೀತಿದೆ, ಟಿಕೆಟ್ ಇಲ್ಲದವರು ಬರಂಗಿಲ್ಲ ಎಂದು ಪಿಸುಮಾತಿನಲ್ಲಿ ಅಟ್ಟುತ್ತಿದ್ದಳು. ಅಜ್ಜಿ ಮೆಟ್ಟಿಲ ಕೆಳಗಿಂದ ಕೆಮ್ಮಿದರೆ, ಅಮ್ಮ ನನ್ನ ಡ್ಯಾನ್ಸ್ ನೋಡ್ತಿದಾಳೆ ಎಂದು ಅವರಿಗೂ ಉತ್ತರ. ಎಂಥ ಗರ್ವ ನೋಡು ಈ ಹುಡುಗಿಗೆ, ಕುಣಿಯಲು ಬರದಿದ್ದರೂ ಎಂದು ನಾನು ನಗುತ್ತಿದ್ದೆ. ನೀನು ನಗುತ್ತಿರಲಿಲ್ಲ. ನಾನು ಅವಳನ್ನ ಒಂದಿನ ಆದ್ರೂ ನೋಡ್ಬೇಕು ಕಣೋ ಎನ್ನುತ್ತಿದ್ದೆ. ಚಾಪೆ ಮೇಲೆ ಕೂತ ಕೂಡಲೇ ಮಾತ್ರ...

ಹೋದ ವರ್ಷ ಆಸ್ಪತ್ರೆಯ ಆ ಕಿಟಕಿ, ಅದರ ನೀಲಿ ಪರದೆ. ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ನೀನು ಅದನ್ನೇ ನೋಡುತ್ತಾ ಮಲಗಿದ್ದೆ. ಊಟದ ಗಾಡಿ ಹೋದ ಮೇಲೆ ನನ್ನ ಕೈ ಹಿಡಿದೆ. ನಿನ್ನ ಕೈ ಅಷ್ಟು ಹಗುರಾಗಿತ್ತು, ಪಂಚೆಯ ತುಂಡಿನಷ್ಟು. "ಮುನಿಯ, ಎಂಟೊಂಬತ್ತು ವರ್ಷ ಆ ಮಗು ನನ್ನ ಮುಂದೆ ಕುಣೀತು. ಒಂದ್ ಆಟನೂ ನಾನು ಪೂರ್ತಿ ನೋಡ್ಲಿಲ್ಲ. ನೀನು ನೋಡಿದ್ದೀಯಲ್ಲ, ಒಂದಾದ್ರೂ ಹೇಳೋ."

ಆಗಲಾದರೂ ನಾನು ನಿಜ ಹೇಳಬಹುದಿತ್ತು. ನಾನೂ ನೋಡಿಲ್ಲ ಅಕ್ಕ, ಬೀಡಿ ಸೇದುತ್ತಿದ್ದೆ ಎಂದು. ನನ್ನ ಬಾಯಿ ನಿನಗೆ ಗೊತ್ತಲ್ಲ. ಅದು ಹೊರಟಿತು. ಪವಿ ನವಿಲಾದಳು ಎಂದೆ. ತೆಂಗಿನ ಗರಿ ಸಿಗಿದು ಬೆನ್ನಿಗೆ ಕಟ್ಟಿಕೊಂಡು ಬಂದಳು, ಸಂಜೆ ಬಿಸಿಲಲ್ಲಿ ಆ ಗರಿಗಳು ಹೊಳೆದವು, ಪಕ್ಕದ ಮಹಡಿಗಳಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸರೆಲ್ಲ ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ನಿಂತರು ಎಂದೆ. ನೀನು ಕಣ್ಣರಳಿಸಿ ಕೇಳಿದೆ. ನೀನು ಕೇಳಿದಷ್ಟೂ ನಾನು ಬಣ್ಣ ಹಚ್ಚಿದೆ. ಮರುದಿನ ಇನ್ನೊಂದು ಆಟ, ಅದರ ಮರುದಿನ ಮತ್ತೊಂದು. ನಿನಗೆ ಖುಷಿಯಾಗುತ್ತಿದೆ ಎಂದುಕೊಂಡಿದ್ದೆ. ನಾಲ್ಕನೇ ದಿನ ನಿನ್ನ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. "ಇಷ್ಟು ಚೆನ್ನಾಗಿತ್ತಾ? ಇಷ್ಟನ್ನೂ ಕಳ್ಕಂಡ್ನಾ ನಾನು?" ಅಂದೆ. ಆಮೇಲೆ ನನ್ನ ಕೈಯನ್ನು ನಿನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದೆ. ಪವಿಗೆ ಯಾವತ್ತೂ ಹೇಳಬಾರದು, ಅಮ್ಮ ನೋಡುತ್ತಿದ್ದಳು ಎಂದೇ ಅವಳು ಅಂದುಕೊಂಡಿರಲಿ.

ಅಲ್ಲಿಂದ ಮೂರು ವಾರಕ್ಕೆ ನೀನಿಲ್ಲ. ನಾನು ಕೊಚ್ಚಿಕೊಂಡಷ್ಟೂ ನಿನ್ನ ಭಾರ ಜಾಸ್ತಿಯಾಯಿತು ಎಂದು ನನಗೆ ಹೊಳೆದದ್ದು ಯಾವಾಗ ಗೊತ್ತಾ? ಅಂಗಡಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾ ಕೂತಿದ್ದಾಗ, ಸುತ್ತು ಎಣಿಸುವುದು ನಡುವೆ ತಪ್ಪಿಹೋಯಿತು. ನಲವತ್ತು ವರ್ಷದಲ್ಲಿ ನನ್ನ ಎಣಿಕೆ ತಪ್ಪಿದ್ದಿಲ್ಲ. ಬಿಚ್ಚಿ ಮತ್ತೆ ಸುತ್ತಿದೆ. ಮತ್ತೆ ತಪ್ಪಿತು. ಶಟರ್ ಎಳೆದು ಮನೆಗೆ ಹೋದೆ.

ಮೊನ್ನೆಯ ಎಡೆಯ ದಿನಕ್ಕೆ ಬಂದೆ, ಕೇಳು. ನಿನ್ನ ಫೋಟೋದ ಮುಂದೆ ಮುದ್ದೆ, ಅವರೆಕಾಳಿನ ಸಾರು, ಕಜ್ಜಾಯ ಎಲ್ಲ ಇಟ್ಟಿದ್ದಳು ಪವಿ. ಆನೇಕಲ್‌ನ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ, ಬೆಳಗ್ಗೆ ಆರಕ್ಕೇ ಹೋಗಬೇಕು. ಅವತ್ತು ರಜೆ ಹಾಕಿ ನಾಲ್ಕಕ್ಕೇ ಎದ್ದು ಒಬ್ಬಳೇ ಅಡುಗೆ ಮಾಡಿದ್ದಳು. ಎಂಟು ಮನೆಯವರು ಈಗ ಅವಳನ್ನೇ ಅಕ್ಕಾ ಎಂದು ಕೂಗುತ್ತಾರೆ. ಊಟವಾದ ಮೇಲೆ ನಿನ್ನ ಮೊಮ್ಮಗಳು ಆದ್ಯಾ ನಮ್ಮಿಬ್ಬರ ಕೈ ಹಿಡಿದು ಮಹಡಿಗೆ ಎಳೆದುಕೊಂಡು ಹೋದಳು. ಅವಳಿಗೂ ಈಗ ಆರು. ಅದೇ ಟ್ಯಾಂಕು, ಬಣ್ಣ ಮಾತ್ರ ಹೊಸದು. ಹೊಸೂರು ರಸ್ತೆಯ ಮೇಲೆ ಈಗ ಮೆಟ್ರೋ ಬಂದಿದೆ ಅಕ್ಕ. ನಮ್ಮ ಮಹಡಿಯಿಂದ ನೋಡಿದರೆ, ಸೊಪ್ಪು ತಿಂದು ತುಂಬಿಕೊಂಡ ಹುಳ ತಟ್ಟೆಯ ಅಂಚಿನ ಮೇಲೆ ಹರಿದಂತೆ ಕಾಣುತ್ತದೆ. ಮಗು ಬೆಡ್‌ಶೀಟಿನ ಹಿಂದೆ ಹೋಗಿ ಕಣ್ಣು ಮುಚ್ಚಿಕೊಳ್ಳಿ ಎಂದಳು. ಮುಚ್ಚಿಕೊಂಡೆವು.

ಕಣ್ಣು ಮುಚ್ಚಿಕೊಂಡೇ ಪವಿ ಹೇಳಿದಳು, "ಇವಳ ಆಟ ನೋಡಕ್ಕೆ ನನ್ನ ಕೈಲಿ ಆಗ್ತಿಲ್ಲ ಮಾವ. ಅಮ್ಮ ಇದ್ದಿದ್ರೆ..."

ಅಮ್ಮ ಇದ್ದಿದ್ದರೆ ನೋಡುತ್ತಿದ್ದಳು, ನಾನು ಎಂಥ ತಾಯಿ, ಇದನ್ನೇ ಅವಳು ಹೇಳಹೊರಟಿದ್ದಾಳೆ ಎಂದುಕೊಂಡೆ. ಬಕೀಟಿನ ಮುಂದೆ ಕೂತು ನೀನು ಕೇಳಿದ ಅದೇ ಮಾತು, ಈಗ ಅವಳ ಬಾಯಲ್ಲಿ. ನೀನು ಬಿಟ್ಟುಹೋದ ಹೊರೆ ಈ ಹುಡುಗಿಯ ತಲೆಗೇ ಬಂತಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಇದು ಆ ಮಗುವಿನವರೆಗೂ ಹೋಗುತ್ತದಲ್ಲ ಎನ್ನಿಸಿತು. ಆಣೆ ನೆನಪಾಯಿತು ಅಕ್ಕ. ಅಂಗೈಯಲ್ಲಿ ನಿನ್ನ ತಲೆಕೂದಲು ಇನ್ನೂ ಇದ್ದಂತಾಯಿತು. ಆದರೂ ಹೇಳಿಬಿಟ್ಟೆ. ಹುಳ, ನೊಣ, ಪಂಚೆಯ ತುಂಡು, ತೆರೆದ ಕಣ್ಣು, ಎಲ್ಲ. ಅದು ತಾಳ ಅಲ್ಲ ಕಣಮ್ಮ, ನಿಮ್ಮಮ್ಮ ನಿದ್ದೇಲಿ ನೊಣ ಓಡಿಸ್ತಿದ್ದಳು ಎಂದೆ. ಅವಳು ಅಳುತ್ತಾಳೆ ಎಂದು ಕಾದೆ.

ಪವಿ ಕಣ್ಣು ತೆರೆದಳು. "ನೊಣನಾ?" ಎಂದಳು. "ಅದೊಂದು ಗೊತ್ತಿರ್ಲಿಲ್ಲ ನೋಡು. ನಿದ್ದೆ ಗೊತ್ತಿತ್ತು ಮಾವ."

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದಕ್ಷರವನ್ನೂ ಸೇರಿಸುವುದಿಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಕುಣಿಯುತ್ತಾ ಕುಣಿಯುತ್ತಾ ಗೆಜ್ಜೆ ಬಿಚ್ಚಿಕೊಂಡಿತಂತೆ. ಕಟ್ಟಿಕೊಳ್ಳಲು ನಿಂತಳಂತೆ. ಅಮ್ಮನ ಕೈ ಮಾತ್ರ ನಿಲ್ಲಲಿಲ್ಲವಂತೆ. ಹತ್ತಿರ ಬಂದು ನಿನ್ನ ಕಣ್ಣ ಮುಂದೆ ಬೆರಳಾಡಿಸಿದಳಂತೆ. ನೀನು ಸತ್ತೇ ಹೋದೆ ಎಂದು ಹೆದರಿ ಮೂಗಿನ ಹತ್ತಿರ ಕಿವಿಯಿಟ್ಟಳಂತೆ. ಸಣ್ಣಗೆ ಗೊರಕೆ. ಪಕ್ಕದಲ್ಲೇ ಕೂತು ನೋಡಿದಳಂತೆ, ನೀನು ಒಂದೊಂದು ಸಲ ನಗುತ್ತಿದ್ದೆಯಂತೆ. ಎದ್ದ ಮೇಲೆ ನೀನು ಬಹಳ ಚೆನ್ನಾಗಿತ್ತು ಕಣೆ ಎಂದೆಯಂತೆ. ಅವತ್ತು ಸಂಜೆವರೆಗೂ ಯಾರನ್ನೂ ಬೈಯಲಿಲ್ಲವಂತೆ. ನೀರು ಕಾಯಿಸುತ್ತಾ ಏನನ್ನೋ ಗುನುಗಿದೆಯಂತೆ.

"ಅಮ್ಮ ಕೂತಿದ್ದನ್ನ ನಾನು ಬೇರೆ ಎಲ್ಲೂ ನೋಡಿರ್ಲಿಲ್ಲ ಮಾವ. ಊಟಾನೂ ನಿಂತ್ಕೊಂಡೇ ಮಾಡ್ತಿದ್ಲು. ನನ್ನ ಆಟ ಅಂದ್ರೆ ಅಜ್ಜಿ ಏನೂ ಅನ್ನಂಗಿಲ್ಲ, ನೀರಿನವ್ರು ಬರಂಗಿಲ್ಲ. ಅದಕ್ಕೆ ಗೆಜ್ಜೆ ಬಿಟ್ಟೆ, ಸದ್ದಾಗ್ತಿತ್ತು. ಅದಕ್ಕೆ ಮೀನು. ಮೀನು ಸದ್ದು ಮಾಡಲ್ಲ." ಮತ್ತೆ ಸೇರಿಸಿದಳು, "ಏಳನೇ ಕ್ಲಾಸಿಗೆಲ್ಲ ನಂಗೂ ಬೇಜಾರೇ. ಅಷ್ಟು ದೊಡ್ಡೋಳು ಯಾರಾದ್ರೂ ಮೀನಾಗ್ತಾರಾ? ಶಾಲೇಲಿ ಯಾರಿಗಾದ್ರೂ ಗೊತ್ತಾದ್ರೆ ಅಂತ ನಾಚಿಕೆ. ಒಂದೂವರೆ ಗಂಟೆ ಸುತ್ತಿ ಸುತ್ತಿ ತಲೆ ತಿರುಗೋದು. ಆಮೇಲಾಮೇಲೆ ಸುತ್ತೋದು ಬಿಟ್ಟು ಹಾಡ್ತಾ ಕೂತಿರ್ತಿದ್ದೆ, ಅಷ್ಟೇ. ನಿನ್ನ ಬೀಡಿ ಹೊಗೆ ಟ್ಯಾಂಕ್ ಮೇಲಿಂದ ಬರ್ತಿತ್ತು. ಕೆಮ್ಮಿಬಿಟ್ಟೀಯ ಅಂತ ಅದೊಂದು ಭಯ."

ಅಕ್ಕ, ಕೇಳಿಸಿಕೊಂಡೆಯಾ? ನೀನು ಮೋಸ ಮಾಡಲಿಲ್ಲ. ಮೂರನೇ ಕ್ಲಾಸಿನಿಂದಾಚೆಗೆ ಅಲ್ಲಿ ಆಟವೇ ಇರಲಿಲ್ಲ. ಒಂಬತ್ತು ವರ್ಷದ ಮಗು ಬಾಗಿಲಿಗೆ ಚಿಲಕ ಹಾಕಿಕೊಂಡು ತಾಯಿಯ ನಿದ್ದೆ ಕಾಯುತ್ತಿತ್ತು. ನಡುಮನೆಯಲ್ಲಿ ನೀನು ಹುಳ ಕಾದ ಹಾಗೆ. ಇದನ್ನು ಆಸ್ಪತ್ರೆಯಲ್ಲೇ ಕೇಳಬಹುದಿತ್ತಲ್ಲ? ಅವಳು ಹೊರಗೆ ಬೆಂಚಿನ ಮೇಲೇ ಕೂತಿದ್ದಳು. ನೀನು ಕೇಳಲಿಲ್ಲ, ಅವಳು ಹೇಳಲಿಲ್ಲ, ನಡುವೆ ನಾನು ಕೂತು ನವಿಲು ಕುಣಿಸಿದೆ. ಆ ನವಿಲು ಸುಳ್ಳು ಅಕ್ಕ. ತೆಂಗಿನ ಗರಿ ಸುಳ್ಳು, ಪಕ್ಕದ ಮಹಡಿಯ ಹೆಂಗಸರು ಸುಳ್ಳು. ನೀನು ಕಳೆದುಕೊಂಡೆ ಎಂದು ಅತ್ತದ್ದು ಯಾವತ್ತೂ ಇರಲೇ ಇಲ್ಲ. ಇಷ್ಟು ಬರೆಯಲು ನನಗೆ ಮೂರು ಹಾಳೆ ಹರಿಯಬೇಕಾಯಿತು.

ಹಾಗಾದರೆ ಅಮ್ಮ ಇದ್ದಿದ್ದರೆ ಏನು ಎಂದು ಕೇಳಿದೆ. ಪವಿ ಆಗಲೇ ಟ್ಯಾಂಕಿಗೆ ಒರಗಿದ್ದಳು. ಅಮ್ಮ ಇದ್ದಿದ್ದರೆ ಇವಳ ಆಟಕ್ಕೆ ಇಬ್ಬರೂ ಒಟ್ಟಿಗೆ ಕೂತು ಮಲಗಬಹುದಿತ್ತು ಎಂದಳು. ಮಾತು ಮುಗಿಯುವಷ್ಟರಲ್ಲಿ ಅವಳ ಕುತ್ತಿಗೆ ವಾಲಿತು. ನಿನ್ನ ವಿದ್ಯೆ ಅವಳಿಗೆ ಬಂದಿಲ್ಲ, ಬಾಯಿ ಸ್ವಲ್ಪ ತೆರೆದುಕೊಂಡು ಎಲ್ಲರ ಹಾಗೆ ಕಣ್ಣು ಮುಚ್ಚಿಯೇ ಮಲಗುತ್ತಾಳೆ. ಕೆಳಗಿನಿಂದ ಯಾರೋ ಅಕ್ಕಾ ಪಾನಿ ಎಂದು ಕೂಗಿದರು. ನಾನು ಎದ್ದು ಹೋಗಿ ಮಹಡಿ ಬಾಗಿಲಿಗೆ ಚಿಲಕ ಹಾಕಿ ಬಂದೆ. ಹಾಗೇ ಕಾಲು ಅಭ್ಯಾಸದಂತೆ ಟ್ಯಾಂಕಿನ ಹಿಂದಕ್ಕೆ ಹೊರಟಿತು. ಜೇಬಿನಲ್ಲಿ ಬೀಡಿ ಇತ್ತು. ವಾಪಸ್ ಬಂದು ಸ್ಟೂಲಿನ ಮೇಲೆ ಕೂತೆ.

ಅಲ್ಲಿ ಕಂಡದ್ದು ಇದು. ಅಷ್ಟು ಹೊತ್ತು ವೇಷ ಕಟ್ಟಿಕೊಂಡು ಆದ್ಯಾ ಕೊನೆಗೂ ಬೆಡ್‌ಶೀಟಿನ ಹಿಂದಿನಿಂದ ಬಂದಳು. ತಲೆಗೆ ಟವೆಲ್ ಸುತ್ತಿತ್ತು, ಒಂದು ಕಾಲಿಗೆ ಮಾತ್ರ ಸಾಕ್ಸು. ತಾನು ಮೋಡ ಎಂದಳು. ಮೋಡ ಒಂದು ಸುತ್ತು ಹೋಯಿತು. ನಿಂತು ಮೂಗು ಒರೆಸಿಕೊಂಡಿತು. ತಪ್ಪಾಯ್ತು, ಮೊದಲಿಂದ ಎಂದಿತು. ಮತ್ತೆ ಸುತ್ತು. ಎರಡನೇ ಮೆಟ್ರೋ ಹೋಯಿತು. ಮೋಡ ಮಳೆಯಾಗಬೇಕಿತ್ತು, ಮಳೆಯ ಹಾಡು ಮರೆತುಹೋಯಿತು, ಹಾಗಾಗಿ ಮತ್ತೆ ಸುತ್ತಿತು. ಬಹಳ ಬೇಜಾರಾಯಿತು ಅಕ್ಕ. ನಿನ್ನಾಣೆ, ಬಹಳ ಬೇಜಾರು. ಆಕಳಿಕೆ ಬಂದು ದವಡೆ ನೋಯಿತು. ಆದರೆ ಕಣ್ಣು ಅವಳ ಮೇಲಿಂದ ತೆಗೆಯಲಿಲ್ಲ. ಒಂದು ಸಲ ಟವೆಲ್ ಜಾರಿ ಮುಖದ ಮೇಲೆ ಬಿತ್ತು, ಅದರೊಳಗೇ ಅವಳು ತನ್ನಷ್ಟಕ್ಕೆ ನಕ್ಕಳು. ಅದು ನಿನ್ನ ನಗು. ಸೊಪ್ಪಿನ ತೋಟದ ಮೇಲೆ ತೇಲುತ್ತಿದ್ದೆ ಎನ್ನುವ ಮುಂಚೆ ನೀನು ನಕ್ಕಿದ್ದೆಯಲ್ಲ, ಅದು. ಎದ್ದು ಹೋಗಿದ್ದರೆ ನನಗದು ಸಿಗುತ್ತಿರಲಿಲ್ಲ.

ಆಟ ಮುಗಿದ ಮೇಲೆ ಮಗು ತಾಯಿಯನ್ನು ನೋಡಿತು. ತುಟಿ ಡೊಂಕಾಯಿತು. "ಅಮ್ಮ ನೋಡ್ಲೇ ಇಲ್ಲ" ಎಂದಿತು. ನಾನು ಮೆಲ್ಲಗೆ, ಅಮ್ಮನ ಪಾಲಿನದನ್ನೂ ನಾನೇ ನೋಡಿದೆ, ಬೇಕಾದರೆ ಪರೀಕ್ಷೆ ಮಾಡು ಎಂದೆ.

"ಮೋಡ ಎಷ್ಟು ಸಲ ಸುತ್ತಿತು ಹೇಳು ತಾತ."

"ಹದಿನೇಳು."

ಅವಳು ಬೆರಳು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಹದಿನೆಂಟು" ಎಂದಳು.

ಒಂದು ಸಲ ಕಣ್ಣು ಮಿಟುಕಿಸಿರಬೇಕು ಎಂದು ಒಪ್ಪಿಕೊಂಡೆ. ನಾನು ತಪ್ಪು ಒಪ್ಪಿಕೊಂಡದ್ದನ್ನು ನೀನು ಇದ್ದಾಗ ನೋಡಲಿಲ್ಲ, ಈಗ ಓದಿಕೋ. ಮುಂದಿನ ಭಾನುವಾರ ಮೊಲವಂತೆ. ಅದರ ಮುಂದಿನ ಭಾನುವಾರ ಮೊಲದ ಮದುವೆಯಂತೆ, ಎಷ್ಟು ಹೊತ್ತು ನಡೆಯುತ್ತದೋ. ಪವಿಗೆ ಚಾಪೆ ನಾನೇ ಹಾಸುತ್ತೇನೆ, ಚಿಲಕ ನಾನೇ ಹಾಕುತ್ತೇನೆ, ಸುತ್ತು ನಾನೇ ಎಣಿಸುತ್ತೇನೆ. ಎಣಿಸಿದ್ದನ್ನು ಹೆಚ್ಚಿಸದೆ, ಇಳಿಸದೆ ನಿನಗೆ ಒಪ್ಪಿಸುತ್ತೇನೆ. ನೀನು ನೊಣದ ಚಿಂತೆ ಬಿಡು. ಕೈ ಕೆಳಗಿಟ್ಟು, ಇನ್ನಾದರೂ ಕಣ್ಣು ಮುಚ್ಚಿಕೊಂಡು ಮಲಗು.

ನಿನ್ನ ಬೆಲ್ಲ ತಿಂದ ತಮ್ಮ,
ಮುನಿರಾಜ